ಅತ್ತಿಗೆ ಉಳಿಸಿಕೊಂಡ ಒಂದು ಚುಕ್ಕೆ

ನಮ್ಮ ಅತ್ತಿಗೆಗೆ ನಾವಿರುವ ಕಿದ್ವಾಯಿ ನಗರದಲ್ಲಿ ಹಾಲಿನ ಬೂತ್ ಯಾವ ಕಡೆಗಿದೆ ಎಂದು ಕೇಳಿ, ಗೊತ್ತಿಲ್ಲ. ಸಾವಿರಾರು ಮೈಲಿ ಆಚೆ, ಉತ್ತರದ ಸಮುದ್ರದ ತಳದಲ್ಲಿ ಮರಳೆಲ್ಲಿದೆ, ಜೇಡಿಮಣ್ಣೆಲ್ಲಿದೆ ಎಂದು ಕೇಳಿ, ಕೈಯಲ್ಲಿರುವ ಸೌಟಿನಲ್ಲೇ ನಕ್ಷೆ ಬರೆದು ತೋರಿಸುತ್ತಾರೆ! ಇಂಥವರನ್ನು ಕಟ್ಟಿಕೊಂಡು ನಮ್ಮಣ್ಣ ಇಪ್ಪತ್ತು ವರ್ಷ ಸಂಸಾರ ಮಾಡಿದ್ದಾನೆ. ಅದೇ ಮನೆಯಲ್ಲಿರುವ ನನಗೂ ಒಂದು ಪದಕ ಬರಬೇಕಲ್ಲವೇ?

ಹೌಜ್ ಖಾಸ್‌ನ ಅನಿಲ ಕಂಪನಿಯ ಕಚೇರಿಯಲ್ಲಿ ಅವರ ಕೆಲಸ ಇಷ್ಟೇ. ಹಡಗೊಂದು ಸಮುದ್ರದಲ್ಲಿ ಸದ್ದು ಮಾಡುತ್ತದೆ, ಅದು ತಳದ ಪದರಗಳಿಗೆ ತಾಗಿ ವಾಪಸ್ ಬರುತ್ತದೆ. ಆ ಪ್ರತಿಧ್ವನಿಯ ಗೆರೆಗಳನ್ನು ಓದಿ, ಅನಿಲ ಎಲ್ಲಿದೆ ಎಂದು ಅತ್ತಿಗೆ ಹೇಳಬೇಕು. ಉಳಿದವರು ಆಳದಲ್ಲಿ ಹುಡುಕಿದರೆ ಇವರ ಕಣ್ಣು ಮೇಲಿನ ಪದರದ ಮೇಲೆ. ಹಿಮಯುಗದ ಮಂಜುಗಡ್ಡೆ ಬಿಟ್ಟುಹೋದ ಮರಳು ಅದು. ಅಲ್ಲಿ ಅನಿಲ ಕಂಡರೆ ಕೊರೆಯುವವರು ಅಪಾಯವೆಂದು ಗುರುತು ಹಾಕಿ ದೂರ ಸರಿಯುತ್ತಾರೆ. "ಆ ಗುರುತೆಲ್ಲ ನಂಗೆ ಕೊಡಿ" ಎಂದು, ಅವರು ಬಿಟ್ಟ ಅನಿಲವನ್ನೇ ಹುಡುಕಲು ಅತ್ತಿಗೆ ಹಳೆಯ ದಾಖಲೆಗಳನ್ನು ಕೇಳಿ ಪಡೆದರು.

ವಿದ್ಯೆ ಮನೆಗೂ ಬಂತು. ಗೋಡೆಯೊಳಗೆ ಪೈಪು ಸೋರುತ್ತಿತ್ತು. ಗೇಣಿಗೊಂದು ಸೀಮೆಸುಣ್ಣದ ಗುರುತು ಹಾಕಿ, ಲಟ್ಟಣಿಗೆಯಿಂದ ಕುಟ್ಟುತ್ತಾ ಹೊರಟರು. ಗೋಡೆಗೆ ಕಿವಿಯಿಟ್ಟು ಕೂರುವ ಕೆಲಸ ನನ್ನದು. ಕೊನೆಗೆ ಪ್ಲಂಬರ್‌ಗೆ, "ಭಯ್ಯಾ, ಯಹಾಂ ತೋಡೋ" ಎಂದರು. ತೋರಿಸಿದ ಜಾಗದಲ್ಲೇ ಒಡೆದರೆ ಒಳಗೆ ಬರೀ ಇಟ್ಟಿಗೆ.

"ಏನತ್ತಿಗೆ ಇದು?"

"ಒಣ ಬಾವಿ ಕಣೇ. ಕೊರೆಯೋ ಕೆಲಸದಲ್ಲಿ ಒಂದೆರಡು ಹೀಗಾಗತ್ತೆ."

ಕಚೇರಿಯಲ್ಲಿ ಹಾಗಾಗುವಂತಿರಲಿಲ್ಲ. ಗೆರೆಗಳ ನಡುವೆ ಹೊಳೆಯುವ ಒಂಬತ್ತು ಚುಕ್ಕೆಗಳು ಅವರಿಗೆ ಸಿಕ್ಕಿದ್ದವು. ಅನಿಲವಿದ್ದರೆ ಹಾಗೆ ಹೊಳೆಯುತ್ತದಂತೆ. ಬರೀ ಗಟ್ಟಿ ಮಣ್ಣಿದ್ದರೂ ಹೊಳೆಯುತ್ತದಂತೆ! "ಮೇಡಂ, ಬಾವಿ ಬರಿದಾದ್ರೆ ಈ ಕೆಲಸ ಅಲ್ಲಿಗೇ ಮುಗೀತು" ಎಂದು ಸಾಹೇಬರು ಮೊದಲೇ ಹೇಳಿದ್ದರು. ಅತ್ತಿಗೆ ವಾರಗಟ್ಟಲೆ ಕೂತು, ತಾವು ಹುಡುಕಿದ್ದರಲ್ಲಿ ಎಂಟನ್ನು ಬರೀ ಮಣ್ಣೆಂದು ತಾವೇ ಹೊಡೆದುಹಾಕಿದರು. "ಎಂಟು ಹೋಯ್ತು" ಎಂದು ಅಷ್ಟು ಸಂಭ್ರಮದಿಂದ ಹೇಳಿದವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಉಳಿದ ಒಂದು ಚುಕ್ಕೆಯ ಜಾಗದಲ್ಲಿ ಕಂಪನಿಯವರು ಕೊರೆಯಲು ಶುರುಮಾಡಿದರು.

ಒಂದು ಭಾನುವಾರ ನಾನೂ ಅತ್ತಿಗೆಯೂ ಬಟಾಣಿ ಬಿಡಿಸುತ್ತಿದ್ದಾಗ ಅವರಿಗೆ ಫೋನು ಬಂತು. "ಅಚ್ಛಾ... ಅಚ್ಛಾ" ಎಂದು ಕೆಳಗಿಟ್ಟರು. "ಅನಿಲ ಸಿಕ್ತಂತೆ" ಎಂದು ಮತ್ತೆ ಬಟಾಣಿಗೆ ಕೈಹಾಕಿದರು. ಅಣ್ಣ ಲಡ್ಡು ತರಲು ಓಡಿದ. ನನಗೆ ಹೆಮ್ಮೆಯಿಂದ ಎದೆ ಉಬ್ಬಿತು, ಜೊತೆಗೇ ನಾಚಿಕೆಯೂ ಆಯಿತು. ಇಷ್ಟು ದಿನ ಗೇಲಿ ಮಾಡಿದ್ದು ಬಿಟ್ಟರೆ ನಾನೇನು ಮಾಡಿದ್ದೆ?

"ಅತ್ತಿಗೆ, ಆ ಚುಕ್ಕೆ ನಂಗೂ ತೋರಿಸ್ತೀರಾ?"

ಅವರು ಲ್ಯಾಪ್‌ಟಾಪ್ ತೆರೆದರು. ಬೆರಳು ಪರದೆಯವರೆಗೂ ಹೋಗಲಿಲ್ಲ. ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು.

"ಇಷ್ಟು ವರ್ಷದಲ್ಲಿ ಮನೇಲಿ ಯಾರೂ ಕೇಳೇ ಇರಲಿಲ್ಲ ಕಣೇ."