ಚಾವಡಿಯ ಬಣ್ಣದ ಫೈಲು

ನಮ್ಮ ಸಂಸಾರದಲ್ಲಿ ಯಾವ ಕೆಲಸವೂ ನೆಟ್ಟಗೆ ಆದದ್ದಿಲ್ಲ. ಆಗುತ್ತದೆ, ಆದರೆ ನಾಲ್ಕು ಜನ ನಕ್ಕ ಮೇಲೆಯೇ. ಬೇರೆಯವರ ಮನೆಯಲ್ಲಿ ಅಳುವ ಹೊತ್ತಿಗೆ ಅಳುತ್ತಾರೆ. ನಮ್ಮಲ್ಲಿ ಅಳಲು ಕೂತರೂ ಏನಾದರೊಂದು ಫಜೀತಿ ಬಂದು ಪಕ್ಕದಲ್ಲಿ ಕೂರುತ್ತದೆ. ಒಂದೇ ಒಂದು ಕೋಣೆಗೆ ಬಣ್ಣ ಆರಿಸಲು ಹೋಗಿ ಆದದ್ದನ್ನು ಹೇಳುತ್ತೇನೆ, ನೀವೇ ನೋಡಿ.

೧. ರಜೆಯ ಮನೆ

ನಾನು ಕಾಸರಗೋಡಿನವ. ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡಿನ ಒಂದು ಸರ್ಕಾರಿ ಕಚೇರಿಯಲ್ಲಿ ಫೈಲು ತಿರುವಿಯೇ ತಲೆ ನೆರೆಸಿಕೊಂಡವ. ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷಕ್ಕೆ, ರಜೆ ಕಳೆಯಲೆಂದು, ತಿರುವನಂತಪುರದ ಆಚೆ ವಿಳಿಂಜಂ ಹತ್ತಿರ ಒಂದು ಹಳೆಯ ಪುಟ್ಟ ಮನೆ ತೆಗೆದುಕೊಂಡೆವು. ಮಾರಿದವನು ಮನೆಯಿಂದ ಸಮುದ್ರ ಕಾಣುತ್ತದೆ ಎಂದಿದ್ದ. ಕಾಣುತ್ತಿತ್ತು, ಸುಳ್ಳಲ್ಲ. ಟೆರೇಸಿನ ನೀರಿನ ಟ್ಯಾಂಕಿನ ಮೇಲೆ ಹತ್ತಿ ನಿಂತು, ಎದುರಿನ ತೆಂಗಿನ ಮರ ಗಾಳಿಗೆ ಬಾಗುವವರೆಗೆ ಕಾಯಬೇಕಿತ್ತು.

“ಸಮುದ್ರ ಎಲ್ಲಿಗೂ ಓಡಿ ಹೋಗುದಿಲ್ಲ ಮಾರಾಯ್ರೆ, ಇಳೀರಿ ಕೆಳಗೆ. ಮೊದಲು ಚಾವಡಿಗೆ ಬಣ್ಣ ಹೊಡೆಸುವ,” ಎಂದಳು ಹೆಂಡತಿ. ಚಾವಡಿ ಎಂದರೆ ಮುಂದಿನ ಹಾಲ್, ಎಲ್ಲರೂ ಕೂರುವ ಕೋಣೆ. ಉಪ್ಪುಗಾಳಿಗೆ ಅದರ ಗೋಡೆ ಕರಿದ ಹಪ್ಪಳದ ಹಾಗೆ ಎದ್ದು ನಿಂತಿತ್ತು.

ಅದೇ ವರ್ಷ ಅವಳಿಗೆ ಕಾಯಿಲೆ ಇರುವುದು ಗೊತ್ತಾಯಿತು. ಅದರ ಹೆಸರನ್ನು ಅವಳು ಒಮ್ಮೆಯೂ ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಚಿಕಿತ್ಸೆ ಉಳ್ಳೂರಿನ ಕಡೆಯ ಒಂದು ಆಸ್ಪತ್ರೆಯಲ್ಲಿ. ನಾನು ಉದ್ದಕ್ಕೆ ರಜೆ ಹಾಕಿದೆ, ಇಬ್ಬರೂ ಹೋಗಿ ಆ ಮನೆಯಲ್ಲಿ ಕೂತೆವು.

“ನಿಮ್ಮ ಲೆಕ್ಕಾಚಾರ ಒಮ್ಮೆಯಾದರೂ ಸರಿಯಾಯ್ತು ನೋಡಿ,” ಎಂದಳು. “ರಜೆಗೆಂದು ತಗೊಂಡ ಮನೆ, ರಜೆಗೇ ಉಪಯೋಗ ಆಯ್ತಲ್ಲ!”

೨. ನನ್ನ ಹಸಿರು

ಚಿಕಿತ್ಸೆ ಮುಗಿಯುವ ತನಕ ಪೇಂಟಿನ ವಾಸನೆ ಆಗದು ಎಂದು ಡಾಕ್ಟರು ಮೊದಲೇ ಹೇಳಿದ್ದರು. “ಹೊಡೆಸುವುದು ಮತ್ತೆ, ಆರಿಸುವುದು ಈಗ,” ಎಂದು ಅವಳು ತೀರ್ಮಾನ ಮಾಡಿದಳು. ಹೊಸ ಬಣ್ಣದ ಚಾವಡಿಯಲ್ಲಿ ಕೂತು ಒಂದು ಲೋಟ ಚಹಾ ಕುಡಿಯಬೇಕು. ಅದೊಂದೇ ಅವಳ ಆಸೆ. ಮಗಳ ಮದುವೆ, ಕಾಶಿಯಾತ್ರೆ, ಬಂಗಾರ, ಯಾವುದನ್ನೂ ಅವಳು ಎತ್ತಲಿಲ್ಲ. ಆ ಚಹಾ ಒಂದು ಸಿಕ್ಕಿಬಿಡಲಿ ದೇವರೇ ಎಂದು ನಾನು ದಿನಾ ಕೈಮುಗಿಯುತ್ತಿದ್ದೆ.

ನನ್ನ ವೋಟು ತಿಳಿ ಹಸಿರಿಗೆ. ಕಣ್ಣಿಗೆ ತಂಪು, ಕೊಳೆ ಕಾಣುವುದಿಲ್ಲ. “ನಿಮ್ಮ ಆಫೀಸಿನ ಗೋಡೆ ಅದೇ ಬಣ್ಣ ಅಲ್ವಾ? ಮನೆಗೆ ಬಂದೂ ನಾನು ಅರ್ಜಿ ಹಿಡ್ಕೊಂಡು ನಿಲ್ಬೇಕಾ?” ಎಂದಳು. ಅವಳಿಗೆ ಬೇಕಾದದ್ದು ಬೆಣ್ಣೆಯ ಬಣ್ಣ. ಕೊಚ್ಚಿಯಲ್ಲೇ ಉಳಿದು ಕಾಲೇಜು ಓದುವ ಮಗಳನ್ನು ಫೋನಿನಲ್ಲಿ ಕೇಳಿದೆವು. ನಾವು ಕನ್ನಡದಲ್ಲಿ ಏನು ಕೇಳಿದರೂ ಅವಳ ಉತ್ತರ ಮಲಯಾಳದಲ್ಲೇ. “ವೆಳ್ಳ ಮದಿ,” ಎಂದಳು. ಬಿಳಿ ಸಾಕಂತೆ.

ಹೆಂಡತಿಯನ್ನು ಮೊದಲ ಸಲ ವಾರ್ಡಿಗೆ ಸೇರಿಸಿದ ದಿನ ಅವಳು ಮಂಚದ ಮೇಲೆ ಕೂತು ಸುತ್ತ ಒಂದು ಸಲ ಕಣ್ಣಾಡಿಸಿದಳು. ನಾಲ್ಕೂ ಗೋಡೆ ತಿಳಿ ಹಸಿರು.

“ಅಯ್ಯೋ, ನನಗೆ ಮೊದಲೇ ಹೇಳುದಲ್ವಾ?” ಎಂದಳು. “ನಿಮ್ಮ ಬಣ್ಣ ಇಲ್ಲಿ ಹೊಡೆಸಿಟ್ಟಿದ್ದೀರಿ!”

೩. ಫೈಲು ಮಂಡಿಸಿದ್ದು

ಕಚೇರಿಯ ಚಾಳಿ ನನ್ನನ್ನು ಮನೆಯಲ್ಲೂ ಬಿಡಲಿಲ್ಲ. ಗ್ಯಾಸಿಗೊಂದು ಫೈಲು, ಮಗಳ ಕಾಲೇಜಿಗೊಂದು ಫೈಲು. ಚಾವಡಿಯ ಬಣ್ಣಕ್ಕೂ ಒಂದು ತೆರೆದಿದ್ದೆ. ಎಡಗಡೆ ಅಂಗಡಿಯವರು ಕೊಟ್ಟ ಶೇಡ್ ಕಾರ್ಡು, ಬಲಗಡೆ ಆಫೀಸಿನ ಇಂಗ್ಲಿಷಿನಲ್ಲಿ ನನ್ನ ಟಿಪ್ಪಣಿ: “ಮೂರು ಬಣ್ಣಗಳು ಪರಿಶೀಲನೆಯಲ್ಲಿವೆ. ಮನೆಯೊಡತಿಯವರು ಹಸಿರನ್ನು ಸಕಾರಣವಿಲ್ಲದೆ ತಿರಸ್ಕರಿಸಿರುತ್ತಾರೆ. ಆದೇಶಕ್ಕಾಗಿ ಮಂಡಿಸಿದೆ.” ಕೆಳಗೆ ಅವಳು ಷರಾ ಬರೆಯಲಿ ಎಂದು ಜಾಗ ಬಿಡುತ್ತಿದ್ದೆ. “ನಿಮ್ಮ ಫೈಲಿನಲ್ಲಿ ನಾನು ಒಂದಕ್ಷರ ಬರೆಯುವವಳಲ್ಲ. ನನ್ನದೆಲ್ಲ ಬಾಯಲ್ಲೇ,” ಎನ್ನುತ್ತಿದ್ದಳು.

ಅವಳ ಆಸ್ಪತ್ರೆಯ ಕಾಗದಗಳಿಗೂ ಅಂಥದ್ದೇ ರಟ್ಟು, ಅಂಥದ್ದೇ ಟ್ಯಾಗು. ಒಂದು ದಿನ ದೊಡ್ಡ ಡಾಕ್ಟರು “ರಿಪೋರ್ಟ್ ಎಲ್ಲಿ?” ಎಂದು ಕೈ ಚಾಚಿದರು. ನಾನು ಕೊಟ್ಟೆ. ಅವರು ಕನ್ನಡಕ ಏರಿಸಿಕೊಂಡು ಮೊದಲ ಹಾಳೆ ನೋಡಿದರು, ಎರಡನೆಯದು ನೋಡಿದರು, ಮುಖದಲ್ಲಿ ನಗುವಿಲ್ಲ. ಏನೋ ಹೆಚ್ಚುಕಡಿಮೆ ಆಗಿದೆ, ಮುಗಿಯಿತು ಎಂದುಕೊಂಡೆ.

“ಹಸಿರು ಒಳ್ಳೆಯದು,” ಎಂದರು ಡಾಕ್ಟರು ಇಂಗ್ಲಿಷಿನಲ್ಲಿ.

ಕುರ್ಚಿಯಲ್ಲಿ ನಿತ್ರಾಣವಾಗಿ ಒರಗಿದ್ದವಳು ತಟ್ಟನೆ ನೆಟ್ಟಗೆ ಕೂತಳು. “ಡಾಕ್ಟರೇ, ಮದ್ದು ನೀವು ಹೇಳಿದ್ದು. ಬಣ್ಣ ನಾನು ಹೇಳಿದ್ದು,” ಎಂದಳು. ಕೊನೆಗೆ ಅಲ್ಲೇ, ಅವರ ಮೇಜಿನ ಮೇಲೆ, ಟ್ಯೂಬ್‌ಲೈಟಿನ ಕೆಳಗೆ ಕಾರ್ಡು ಹರಡಿ, ಸ್ಟಾಂಪಿನಷ್ಟು ದೊಡ್ಡ ಒಂದು ಚೌಕದ ಮೇಲೆ ಬೆರಳಿಟ್ಟಳು. ಬೆಣ್ಣೆಯ ಬಣ್ಣ ಮಂಜೂರಾಯಿತು. ರಿಪೋರ್ಟನ್ನು ನಾನು ಮನೆಯಲ್ಲೇ ಮರೆತಿದ್ದೆ.

೪. ಪಥ್ಯ ಮುಗಿದದ್ದು

ಮಳೆಗಾಲ ಕಳೆಯುವಾಗ ಅದೇ ಡಾಕ್ಟರು ಇಬ್ಬರನ್ನೂ ಕೂರಿಸಿಕೊಂಡು, ಇನ್ನು ಮದ್ದಿನಿಂದ ಪ್ರಯೋಜನವಿಲ್ಲ, ಮನೆಯಲ್ಲಿ ನೆಮ್ಮದಿಯಿಂದ ಇರಲಿ ಎಂದರು. ಆಟೋ ಹತ್ತಿದೆವು. ಉಳ್ಳೂರು ಜಂಕ್ಷನ್ನಿನ ಸಿಗ್ನಲ್ಲಿನಲ್ಲಿ ಅವಳು ನನ್ನ ಮೊಣಕೈ ತಿವಿದಳು.

“ಕೇಳಿದ್ರಾ? ಇನ್ನು ಪೇಂಟ್ ವಾಸನೆಗೆ ಪಥ್ಯ ಇಲ್ಲ. ನಾಳೆಯೇ ಮೇಸ್ತ್ರಿಗೆ ಹೇಳಿ.”

ನನ್ನಿಂದ ತಡೆಯಲಾಗಲಿಲ್ಲ. ಅಷ್ಟು ಜನರ ನಡುವೆ, ನಡು ರಸ್ತೆಯಲ್ಲಿ, ಮಗುವಿನ ಹಾಗೆ ಗೊಳೋ ಎಂದು ಅತ್ತುಬಿಟ್ಟೆ. ಅವಳು ನನ್ನ ಬೆನ್ನು ಸವರುತ್ತ ನಗುತ್ತಿದ್ದಳು. ಆಟೋದವನು ತಿರುಗಿ ನನ್ನನ್ನು ನೋಡಿದ, ಅವಳನ್ನು ನೋಡಿದ, ಬಹಳ ಮರುಕದಿಂದ, ಅಕ್ಕನನ್ನು ಕರೆಯುವ ಹಾಗೆ, ಅವಳನ್ನೇ ಕೇಳಿದ: “ಚೇಚೀ, ಸಾರ್‌ಗೆ ಏನು ಕಾಯಿಲೆ?”

೫. ಒಂದು ಲೋಟ ಚಹಾ

ವಿಳಿಂಜಂನ ಪೇಂಟ್ ಮೇಸ್ತ್ರಿ ಡಬ್ಬಿ ತಂದು, “ಇದು ಕಂಪ್ಯೂಟರ್ ಬೆರೆಸಿದ ಬಣ್ಣ ಸಾರೆ, ಕೂದಲೆಳೆಯಷ್ಟೂ ತಪ್ಪುವುದಿಲ್ಲ,” ಎಂದ. ಎರಡು ದಿನ ಅವಳು ಹೊರಗೆ ಜಗಲಿಯಲ್ಲಿ ಮುಸುಕು ಹೊದ್ದು ಕೂತಳು, ಒಳಗೆ ಇಣುಕಲಿಲ್ಲ. ಮುಗಿದ ಮೇಲೆಯೇ ನೋಡುವುದಂತೆ.

ಮೂರನೆಯ ಬೆಳಿಗ್ಗೆ ನಾನೂ, ಕಾಲೇಜಿಗೆ ರಜೆ ಹಾಕಿ ಬಂದಿದ್ದ ಮಗಳೂ ಹಿಡಿದು ಒಳಗೆ ಕರೆತಂದೆವು. ಸ್ಟಾಂಪಿನಷ್ಟಿದ್ದಾಗ ಬೆಣ್ಣೆ ಆಗಿದ್ದದ್ದು ನಾಲ್ಕು ಗೋಡೆಗೆ ಹರಡಿದಾಗ ಪೈನಾಪಲ್ ಶೀರಾ ಆಗಿತ್ತು. ಕಿಟಕಿಯ ಬಿಸಿಲು ಬೇರೆ. ನಮ್ಮ ಮೂವರ ಮುಖವೂ ಹಳದಿ. ಮೇಸ್ತ್ರಿ ಮಾತ್ರ “ಸೂಪರ್!” ಎಂದ.

ಅವಳು ಕುರ್ಚಿಯಲ್ಲಿ ಕೂತಳು. ಚಹಾ ಕೊಟ್ಟೆ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಒಂದೊಂದೇ ಗೋಡೆ ನೋಡುತ್ತ, ಪೂರ್ತಿ ಕುಡಿದಳು. ಎಷ್ಟೋ ದಿನದ ಮೇಲೆ ಅವಳ ಹೊಟ್ಟೆಯಲ್ಲಿ ಏನಾದರೂ ನಿಂತದ್ದು ಅದೇ.

“ಹೇಗುಂಟು?” ಎಂದೆ ಮೆಲ್ಲಗೆ.

“ಚಹಾ ಲಾಯ್ಕುಂಟು,” ಎಂದಳು.

೬. ಷರಾ

ಮಂಚವನ್ನು ಚಾವಡಿಗೇ ತರಿಸಿಕೊಂಡು, ಆ ಹಳದಿಯ ನಡುವೆಯೇ ಅವಳು ಕಣ್ಣು ಮುಚ್ಚಿದಳು. ಕಾಸರಗೋಡಿನಿಂದ ನೆಂಟರು ಬಂದರು. ಅವಳ ಅಕ್ಕ ಎದೆ ಬಡಿದುಕೊಂಡು ಅಳುತ್ತಿದ್ದವರು ಕಣ್ಣೊರೆಸಲು ತಲೆಯೆತ್ತಿದರು. ಗೋಡೆ ಕಂಡಿತು. ಅಳು ಅರ್ಧಕ್ಕೇ ನಿಂತಿತು.

“ಭಾವ, ಈ ಬಣ್ಣ ಯಾರು ಆರಿಸಿದ್ದು?”

ಎಲ್ಲರೂ ನನ್ನ ಕಡೆ ತಿರುಗಿದರು. ಅವಳ ಹೆಸರು ಹೇಳಲು ಮನಸ್ಸು ಬರಲಿಲ್ಲ. “ನಾನೇ,” ಎಂದೆ.

“ಅಯ್ಯೋ ನನ್ನ ತಂಗೀ! ಕೊನೆಗಾಲಕ್ಕೆ ನೀನು ಇದನ್ನೂ ನೋಡ್ಬೇಕಾಯ್ತಲ್ಲೇ!” ಎಂದು ಅಕ್ಕ ಮೊದಲಿಗಿಂತ ಜೋರಾಗಿ ಅತ್ತರು. ಮಗಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನನ್ನ ಭುಜಕ್ಕೆ ಒರಗಿದಳು. ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. ನನ್ನದೂ ನನಗೆ ತಿಳಿಯಲಿಲ್ಲ.

ಹದಿಮೂರನೆಯ ದಿನದ ಕಾರ್ಯ ಕಳೆದು ನೆಂಟರೆಲ್ಲ ಹೊರಟ ಮೇಲೆ, ಮಾಡಲು ಬೇರೆ ಕೆಲಸವಿಲ್ಲದೆ, ಬಣ್ಣದ ಫೈಲು ತೆಗೆದೆ. “ಕೆಲಸ ಮುಗಿದಿದೆ, ಫೈಲು ಮುಚ್ಚಬಹುದು” ಎಂದು ಬರೆಯುವುದು ಪದ್ಧತಿ. ನೋಡಿದರೆ ನಾನು ಬಿಟ್ಟಿದ್ದ ಜಾಗದಲ್ಲಿ ಆಗಲೇ ಏನೋ ಬರೆದಿತ್ತು. ಅಡುಗೆಮನೆ ಸಾಮಾನಿನ ಪಟ್ಟಿ ಬರೆಯುವ ಅವಳ ಪೆನ್ನು, ನಡುಗುವ ಅಕ್ಷರ:

“ಬಣ್ಣ ನಾನೇ ಆರಿಸಿದ್ದು. ಚೂರೂ ಚೆನ್ನಾಗಿಲ್ಲ. ತಪ್ಪು ನನ್ನದೇ, ಇವರನ್ನು ಯಾರೂ ಬೈಯಬಾರದು. ಮುಂದಿನ ಸಲ ಇವರ ಹಸಿರು ಹೊಡೆಸಬಹುದು.” ಕೆಳಗೆ ಪೂರ್ತಿ ಹೆಸರಿನ ಸಹಿ.

ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಅವಳು ತಪ್ಪು ಒಪ್ಪಿಕೊಂಡದ್ದು ಇದೊಂದೇ ಸಲ. ಅದೂ ಲಿಖಿತದಲ್ಲಿ, ಸಹಿ ಸಮೇತ! ಫೈಲು ಹಿಡಿದು ಧಡಕ್ಕನೆ ಎದ್ದೆ. “ಏಯ್, ಇಲ್ಲಿ ನೋಡು, ಸಿಕ್ಕಿಬಿದ್ದೆಯಲ್ಲ!” ಎಂದು ಕೂಗುತ್ತ ಅಡುಗೆಮನೆಯವರೆಗೂ ಹೋಗಿಬಿಟ್ಟಿದ್ದೆ.