ಹಿಂದಿನ ಸೀಟಿಗೆ ಇಂಗ್ಲಿಷಿನಲ್ಲಿ ಒಪ್ಪಿಗೆ

ನಮ್ಮ ಬಂಟ್ವಾಳದ ಕಡೆಯ ಗಂಡಸರ ಬಾಯಿಂದ ಎರಡು ಮಾತು ಹೊರಡಿಸುವುದು ಮಹಾ ಕಷ್ಟ. ಒಂದು ‘ನನಗೆ ಬೇಜಾರಾಗಿದೆ’, ಇನ್ನೊಂದು ‘ಆಯಿತು, ಬರುತ್ತೇನೆ’. ಮೊದಲನೆಯದರ ಬದಲು ನಾವು ‘ಎಂತ ಇಲ್ಲ’ ಅನ್ನುತ್ತೇವೆ, ಎರಡನೆಯದರ ಬದಲು ‘ನೋಡುವ’. ಹಾಗೆ ಅಂದವರು ಆಮೇಲೆ ಆ ಕಡೆ ತಲೆ ಹಾಕಿಯೂ ನೋಡುವುದಿಲ್ಲ. ನಾನೂ ಅದೇ ಪೈಕಿ, ಮುಚ್ಚುಮರೆಯೇನು!

ಹೀಗಿರುವಾಗ ನನ್ನ ಹೆಂಡತಿ ಸುಮತಿ ಮೊಬೈಲಿನಲ್ಲಿ ಇಂಗ್ಲಿಷ್ ಕಲಿಯತೊಡಗಿದಳು. ಆ ಭಾಷೆಯ ಧಾರಾಳತನ ಕಂಡು ನಾನು ದಂಗಾದೆ. ಬೇಜಾರೊಂದಕ್ಕೇ ಎಷ್ಟು ಮಾತು! ‘ಫೀಲಿಂಗ್ ಬ್ಲೂ’ ಅಂತೆ, ‘ಡೌನ್ ಇನ್ ದ ಡಂಪ್ಸ್’ ಅಂತೆ. ನಾವು ದುಃಖವಾದರೆ ಒಂದು ಲೋಟ ಚಾ ಕುಡಿದು ಸುಮ್ಮನಾಗುವ ಜನ, ಅವರು ಅದಕ್ಕೆ ಬಣ್ಣವನ್ನೂ ಬಳಿದಿದ್ದಾರೆ. ಇನ್ನು ಒಪ್ಪಿಗೆಗೆ ‘ಐ ಆಮ್ ಗೇಮ್’, ‘ಕೌಂಟ್ ಮಿ ಇನ್’, ಕೇಳಿದರೇ ಎದ್ದು ಹೊರಡಬೇಕು ಅನಿಸುತ್ತದೆ! ಸುಮತಿ ಎಲ್ಲವನ್ನೂ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಹಾಲು ತೆಗೆಯಲು ಹೋದಾಗೆಲ್ಲ ನಾನೂ ಓದುತ್ತಿದ್ದೆ.

ಒಂದು ಭಾನುವಾರ ಬೆಳಿಗ್ಗೆ ಅವಳು ಮಂಕಾಗಿ ಕೂತಿದ್ದಳು. “ಎಂತಾಯ್ತು?” ಅಂದೆ.

“ಐ ಆಮ್ ಫೀಲಿಂಗ್ ಬ್ಲೂ.”

ನನಗೆ ನಗು ಬಂತು. ಅವಳಿಗೆ ಬರಲಿಲ್ಲ.

“ಸ್ಕೂಟರ್ ಲೈಸೆನ್ಸ್ ಸಿಕ್ಕಿ ಮೂರು ತಿಂಗಳಾಯ್ತು ಮಾರಾಯ್ರೆ. ಒಂದು ಸಲವಾದ್ರೂ ನನ್ನ ಹಿಂದೆ ಕೂತಿದ್ದೀರಾ? ನಿಮಗೆ ನನ್ನ ಮೇಲೆ ನಂಬಿಕೆ ಇಲ್ಲ, ಅಷ್ಟೇ.”

ಇಪ್ಪತ್ತು ವರ್ಷದ ಸಂಸಾರದಲ್ಲಿ ಅವಳು ಬೇಜಾರೆಂದು ಬಾಯಿಬಿಟ್ಟದ್ದು ಇದೇ ಮೊದಲು. ಫ್ರಿಜ್ಜಿನ ಕಡೆ ಕಣ್ಣು ಹಾಯಿಸಿ ಕೂಗಿಯೇಬಿಟ್ಟೆ: “ಐ ಆಮ್ ಗೇಮ್! ಕಲ್ಲಡ್ಕಕ್ಕೆ ಹೋಗುವ, ಚಾ ಕುಡಿಯುವ!”

ಅವಳ ಹಿಂದೆ ಕೂತು, ದಾರಿಯ ಮೆಲ್ಕಾರ್ ಪೇಟೆ ದಾಟುವವರೆಗೆ ಕಣ್ಣು ಮುಚ್ಚಿಕೊಂಡಿದ್ದೆ. ತೆರೆದು ನೋಡಿದರೆ, ಅಬ್ಬಾ! ಆ ಲಾರಿ, ಬಸ್ಸುಗಳ ನಡುವೆ ಎಷ್ಟು ಚಂದ ಬಿಡುತ್ತಾಳೆ! ಖುಷಿ ತಡೆಯಲಾರದೆ “ಸ್ವಲ್ಪ ಬೇಗ ಹೋಗುವ!” ಅಂದೆ. ಬೈಸಿಕೊಂಡೆ.

ಹೋಟೆಲಿನೆದುರು ಇಳಿಯುತ್ತಲೇ ದುಬೈಯಿಂದ ಅವಳಣ್ಣನ ಫೋನು. “ಎಲ್ಲಿದ್ದೀರಿ ಭಾವ?”

“ಕಲ್ಲಡ್ಕದಲ್ಲಿ. ನಿಮ್ಮ ತಂಗಿಯನ್ನು ಸ್ಕೂಟರಲ್ಲಿ ಕರ್ಕೊಂಡು ಬಂದಿದ್ದೇನೆ” ಅಂದೆ. ಉತ್ಸಾಹದಲ್ಲಿ ಬಾಯಿಗೆ ಬಂದದ್ದೇ ಹಾಗೆ.

ಪಕ್ಕದಲ್ಲೇ ನಿಂತು ಕೇಳಿಸಿಕೊಂಡ ಸುಮತಿ ಒಳಗೆ ಹೋಗಿ ಚಾ ಮುಗಿಸಿದಳು. ಹೊರಗೆ ಬಂದು ಸ್ಕೂಟರಿನ ಕೀ ನನ್ನ ಕೈಗಿಟ್ಟು, ಹಿಂದಿನ ಸೀಟಿನಲ್ಲಿ ಕೂತಳು. “ಕರ್ಕೊಂಡು ಬಂದವರು ನೀವಲ್ಲವಾ? ಕರ್ಕೊಂಡು ಹೋಗಿ.”

ನನಗೆ ಸೈಕಲ್ ಬಿಡಲೂ ಬರುವುದಿಲ್ಲ. ದುಬೈಗೆ ನಾನೇ ಫೋನು ಮಾಡಿ, “ಭಾವ, ಆಗ ಹೇಳಿದ್ದಕ್ಕೆ ಸಣ್ಣದೊಂದು ತಿದ್ದುಪಡಿ ಉಂಟು” ಎಂದ ಮೇಲೆಯೇ ಸ್ಕೂಟರು ಮನೆಯ ಕಡೆ ತಿರುಗಿತು.