ಮಾವನ ತೂತುಕಾಸಿನ ಬಣ್ಣ

ನಾನು ಓದು ನಿಲ್ಲಿಸಿದ್ದು ೧೯೯೬ರಲ್ಲಿ, ಎಂಟನೇ ಕ್ಲಾಸಿನ ಅರ್ಧಕ್ಕೆ. ಆಮೇಲೆ ಯಾವ ಪರೀಕ್ಷೆಗೂ ಹೆದರಿದವನಲ್ಲ, ನನ್ನ ಸೋದರಮಾವ ಫೋನಿನಲ್ಲಿ ಕಳಿಸುವ ಫೋಟೋಗಳನ್ನು ಬಿಟ್ಟು. ನೆತ್ತಿಯ ಮೇಲೆ ಸೂರ್ಯನನ್ನಿಟ್ಟುಕೊಂಡು, ನಡು ಅಂಗಳದಲ್ಲಿ ಕೂತು, ಅಮಾವಾಸ್ಯೆಯ ಫೋಟೋ ತೆಗೆಯಬಲ್ಲ ಇನ್ನೊಬ್ಬ ಮನುಷ್ಯ ಅಜ್ಜಂಪುರದಲ್ಲಿದ್ದರೆ ತೋರಿಸಿ!

ಮಾವನಿಗೆ ಹಳೇ ನಾಣ್ಯಗಳ ಹುಚ್ಚು. ನೂರ ಹನ್ನೆರಡು ಇವೆ. ಒಂದೂ ಊರು ದಾಟಿದ್ದಿಲ್ಲ. ತರೀಕೆರೆಯ ಶಾಲೆಯೊಂದರ ಮೇಷ್ಟ್ರು ಪ್ರದರ್ಶನಕ್ಕೆ ಕೇಳಿದಾಗ, "ಕಾಸು ಬರಲ್ಲ ಕಣ್ರೀ, ಅದರ ಫೋಟೋ ಬತ್ತದೆ" ಎಂದುಬಿಟ್ಟ. ಫೋಟೋ ತೆಗೆಯುವವನು ಮಾವ. ಅದಕ್ಕೆ ಬೆಳಕು, ಬಣ್ಣ ಕೊಟ್ಟು ಆಲ್ಬಂ ಮಾಡುವವನು ಕಡೂರಿನಲ್ಲಿ ಸ್ಟುಡಿಯೋ ಇಟ್ಟಿರುವ ನಾನು.

ಮೊದಲ ಫೋಟೋ ಬಂತು.

"ಇದೇನ್ ಮಾವ, ದೋಸೆ ಹೆಂಚಾ?"

"ಲೇ, ಮೈಸೂರು ಕಾಸು ಕಣೋ. ನೆಟ್ಟಗೆ ನೋಡು."

"ನೋಡಕ್ಕೆ ಏನಾರ ಕಾಣ್ಬೇಕಲ್ಲ."

"ಕಾಣ್ಸೋದು ನಿನ್ ಕೆಲಸ."

ಆಗಿದ್ದಿಷ್ಟೆ: ಕಾಸನ್ನು ಒಗೆದ ಬಿಳಿ ಪಂಚೆಯ ಮೇಲಿಟ್ಟಿದ್ದ. ಅಷ್ಟು ಬಿಳುಪು ಕಂಡರೆ ಫೋನು ಹೆದರಿ ಎಲ್ಲವನ್ನೂ ಕಪ್ಪು ಮಾಡುತ್ತದೆ. ಬೂದು ಬಣ್ಣದ್ದೇನಾದರೂ ಹಾಸು ಎಂದೆ. ಮನೆಯಲ್ಲಿ ಬೂದು ಬಣ್ಣದ್ದು ಯಾವುದಿದೆ? ಎಮ್ಮೆ! ಅದರ ಬೆನ್ನ ಮೇಲೆ ಕಾಸಿಟ್ಟ. ಎಮ್ಮೆ ಮೈ ಕೊಡವಿತು. ಮಾವ ಸಂಜೆವರೆಗೆ ಸಗಣಿ ಕೆದಕಿ ಕಾಸು ಹುಡುಕಿದ. ಮಾರನೇ ದಿನ ಪಂಚೆಗೇ ವಾಪಸಾದ.

ಇನ್ನು ನನ್ನ ಪ್ರತಾಪ ಕೇಳಿ. ಹದಿನೆಂಟು ವರ್ಷ ಮದುವೆ ಆಲ್ಬಂ ಮಾಡಿದ ಕೈ ಇದು. ಈ ಸೀಮೆಯ ಯಾವ ಮದುಮಗಳೂ ತನ್ನ ಸ್ವಂತ ಬಣ್ಣದಲ್ಲಿ ನನ್ನ ಆಲ್ಬಂ ಸೇರಿಲ್ಲ. ಬೀಗರು ಕೇಳುವುದೇ ಹಾಗೆ. ಕೈ ಅದೇ ಚಾಳಿಯಲ್ಲಿ ಓಡಿತು. ಬೆಳಕು ಏರಿಸಿದೆ, ಕೆಂಪು ಇಳಿಸಿದೆ, ಕಲೆ ಅಳಿಸಿದೆ. ಸವೆದ ತಾಮ್ರದ ಕಾಸುಗಳೆಲ್ಲ ಮುಹೂರ್ತಕ್ಕೆ ಸಿದ್ಧವಾಗಿ ನಿಂತವು.

ಮಾವನ ಫೋನು ಬಂತು. "ಲೇ, ಇವಕ್ಕೆ ಗಂಡು ಹುಡುಕ್ತಿದ್ದೀಯೇನೋ?"

"ಚೆನ್ನಾಗ್ ಕಾಣ್ತಾವಲ್ಲ ಮಾವ."

"ಕಾಸು ಕಾಸಿನಂಗೆ ಕಾಣ್ಬೇಕು. ಆಗಲ್ಲ ಅಂದ್ರೆ ಹೇಳ್ಬಿಡು. ಕಂಪ್ಯೂಟರ್ ಓದಿರೋನು ಒಬ್ಬ ಇದಾನೆ ಅಂತ ಮೇಷ್ಟ್ರು ಹೇಳ್ತಿದ್ರು."

ಓದಿರೋನು! ಆ ಮಾತು ನನಗೆ ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಸ್ಟುಡಿಯೋ ಗುಡಿಸುತ್ತ, ಕತ್ತಲೆ ಕೋಣೆಯಲ್ಲಿ ತಟ್ಟೆ ತೊಳೆಯುತ್ತ ಕೆಲಸ ಕಲಿತವನು ನಾನು. ಈ ಆಲ್ಬಂ ಇನ್ನೊಬ್ಬನ ಕೈಗೆ ಹೋದರೆ ನಾನು ಬೋರ್ಡು ಇಳಿಸುವುದೇ ವಾಸಿ ಎನ್ನಿಸಿತು.

ಮೂರು ದಿನ ಕೂತೆ. ಉಪಾಯ ಪಂಚೆಯಲ್ಲೇ ಇತ್ತು. ಫೋಟೋದಲ್ಲಿ ಪಂಚೆಯನ್ನು ಪಂಚೆಯಷ್ಟೇ ಬಿಳಿ ಮಾಡಿದರೆ, ತಾಮ್ರ ತಾನಾಗಿ ತಾಮ್ರವಾಗುತ್ತದೆ. ಆಮೇಲೆ ಕತ್ತಲಿರುವ ಕಡೆಗಷ್ಟೇ ಬೆಳಕು, ಕಲೆ ಇದ್ದಲ್ಲೇ ಇರಲಿ. ಇದನ್ನು ನನಗೆ ಯಾವ ಕಾಲೇಜೂ ಹೇಳಿಕೊಟ್ಟಿದ್ದಲ್ಲ. ನೂರ ಹನ್ನೊಂದಕ್ಕೆ ಮಾವ "ಹೂಂ" ಎಂದ. ಉಳಿದದ್ದು ಒಂದು ತೂತುಕಾಸು. ಏಳು ಸಲ ಕಳಿಸಿದೆ, ಏಳು ಸಲವೂ "ಅಲ್ಲ."

ಪ್ರಿಂಟಿಗೆ ಹಾಕುವ ಬೆಳಿಗ್ಗೆ, ಊರು ದಾಟದ ಆ ಕಾಸನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮಾವ ಬಸ್ಸಿನಲ್ಲಿ ಬಂದೇಬಿಟ್ಟ. ಕಾಸನ್ನು ಕಂಪ್ಯೂಟರಿನ ಪಕ್ಕ ಹಿಡಿದೆ.

"ಎರಡೂ ಒಂದೇ ಥರ ಅವೆಯಲ್ಲ ಮಾವ."

"ಒಂದೇ ಥರ ಅವೆ. ಆದ್ರೂ ಅಲ್ಲ."

"ಮತ್ತೆ ಯಾವ ಬಣ್ಣ ಬೇಕು ನಿಂಗೆ?"

ಮಾವ ಕಾಸನ್ನು ನನ್ನ ಕೈಯಿಂದ ತೆಗೆದುಕೊಂಡ. "ನಂಗಾಗ ಆರು ವರ್ಷ. ನಿಮ್ಮವ್ವ ಅರಿಶಿನ ಕುಟ್ತಿದ್ದೋಳು ಹಂಗೇ ಎದ್ದು ಬಂದು ಇದನ್ನ ನನ್ ಉಡಿದಾರಕ್ಕೆ ಕಟ್ಟಿದ್ಲು. ಆವತ್ತಿನ ಬಣ್ಣ ಕಣೋ."

ಅವ್ವ ತೀರಿಕೊಂಡು ಒಂಬತ್ತು ವರ್ಷ. ಅವಳ ಅರಿಶಿನದ ಅಂಗೈ ನನಗೂ ನೆನಪಿದೆ. ಹಳದಿಯನ್ನು ಕೂದಲೆಳೆಯಷ್ಟು ಏರಿಸಿದೆ. ಇನ್ನೊಂದು ಎಳೆ. ಆಮೇಲೆ ನನ್ನ ಕೈ ತಾನೇ ನಿಂತಿತು.

"ಸಾಕು, ಅಲ್ಲೇ ಬಿಡು," ಎಂದ ಮಾವ, ಕಿಟಕಿಯ ಕಡೆ ನೋಡುತ್ತ.

ಆಲ್ಬಂ ಹಾಗೆಯೇ ತರೀಕೆರೆಗೆ ಹೋಯಿತು. ನೂರ ಹನ್ನೊಂದು ಕಾಸು ಇದ್ದ ಬಣ್ಣದಲ್ಲಿ, ಒಂದು ಮಾತ್ರ ನಮ್ಮಿಬ್ಬರಿಗೆ ಗೊತ್ತಿರುವ ಬಣ್ಣದಲ್ಲಿ.

ಈಗ ನನಗಿರುವುದು ಒಂದು ಸ್ಟುಡಿಯೋ, ಎರಡು ಕ್ಯಾಮೆರಾ, ಒಂದು ಕಂಪ್ಯೂಟರು, ಒಬ್ಬ ಮಾವ.